ಗಿಡಮೂಲಿಕೆ ತಾನೆ, ಏನಾಗುತ್ತೆ?

ಕಷಾಯ, ನಾಟಿ ಔಷಧಿ, ಆಯುರ್ವೇದ ಮಾತ್ರೆಗಳ ಬಗ್ಗೆ ಕಳೆದ ಕೆಲವು ತಿಂಗಳಲ್ಲಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ನಾಲ್ಕಾರು ಮಂದಿ ಕೇಳಿದ್ದಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಎಲ್ಲರದ್ದೂ ಊರು ಮಾತ್ರ.

ಪ್ರ: ಕೊರೊನಾ ಕಾಲದಿಂದ ಮನೆಮಂದಿಯೆಲ್ಲ ಬೆಳಗ್ಗೆ ಅಮೃತಬಳ್ಳಿ ಕಷಾಯ ಕುಡಿಯುತ್ತೇವೆ. ಅದರಿಂದ ಲಿವರ್ ಹಾಳಾಗುತ್ತದೆ ಎಂದು ಒಬ್ಬರು ಹೇಳಿದರೆ, ಹಾಳು ಮಾಡುವುದು ಬೇರೆ ಬಳ್ಳಿ, ನಮ್ಮದಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರನ್ನು ನಂಬುವುದು? ನನಗೆ ಥೈರಾಯ್ಡ್ ಬೇರೆ ಇದೆ. (ತೀರ್ಥಹಳ್ಳಿ)

ಉ: ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಎರಡನೆಯವರ ಮಾತು ನಂಬಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ಮಂದಿಯ ವಿವರ ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳ ಲಿವರ್ ತಜ್ಞರು ಸೇರಿ 43 ಮಂದಿಯ ವಿವರ ಕೊಟ್ಟರು. ಅವರಲ್ಲಿ ಅರ್ಧದಷ್ಟು ಮಂದಿಗೆ ಕುಡಿಯತೊಡಗಿ ಒಂದೂವರೆ ತಿಂಗಳಾಗುವಷ್ಟರಲ್ಲಿ ತೊಂದರೆ ಕಾಣಿಸಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಟೈನೊಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂಬುದು ಅದರ ವಾದ.

ಮೊದಲು ಗುರುತು ನೋಡಿ. ಎಳೆ ಬಳ್ಳಿಯಲ್ಲಿ ತಿಳಿಯುವುದಿಲ್ಲ, ಹೆಬ್ಬೆರಳಿನಷ್ಟು ದಪ್ಪಗೆ ಬಲಿತ ಕಾಂಡ ಬೇಕು. ನಮ್ಮ ಅಮೃತಬಳ್ಳಿಯ ಮೇಲ್ಸಿಪ್ಪೆ ಕಾಗದದಷ್ಟು ತೆಳು. ಉಗುರಿನಿಂದ ಕೆರೆದರೆ ಸುಲಿದು ಬರುತ್ತದೆ, ಅಡಿಯಲ್ಲಿ ಹಸಿರು ಕಾಣುತ್ತದೆ. ಕ್ರಿಸ್ಪಾದ ಕಾಂಡದ ಮೈಮೇಲೆಲ್ಲ ಹಾಗಲಕಾಯಿಯಂತೆ ಗುಳ್ಳೆಗಳು ಎದ್ದಿರುತ್ತವೆ, ಕೈಯಾಡಿಸಿದರೆ ಗೊತ್ತಾಗುತ್ತದೆ. ಕಾಂಡವನ್ನು ಅಡ್ಡ ಕೊಯ್ದರೆ ಗಾಡಿಯ ಗಾಲಿಯಂತೆ ಅರಗಳು ಕಂಡರೆ ಅದೇ ಅಮೃತಬಳ್ಳಿ ಎನ್ನುವವರಿದ್ದಾರೆ. ಆ ಗುರುತು ಇದರ ಬಂಧುಬಳ್ಳಿಗಳಲ್ಲೂ ಇರುತ್ತದೆ, ಅದೊಂದನ್ನೇ ನೆಚ್ಚಬೇಡಿ.

ಬಳ್ಳಿ ಸರಿಯಾದದ್ದೇ ಎಂದಿಟ್ಟುಕೊಳ್ಳಿ. ಆಗಲೂ ಎರಡು ಮಾತು ಉಳಿಯುತ್ತವೆ. ಒಂದು, ಅವಧಿ. ಆಯುರ್ವೇದ ಫಾರ್ಮಾಕೋಪಿಯದಲ್ಲಿ (ಔಷಧಿಗಳ ಅಧಿಕೃತ ಗ್ರಂಥ) ಇದರ ಪ್ರಮಾಣ ಪುಡಿಯಾದರೆ 3ರಿಂದ 6 ಗ್ರಾಂ, ಕಷಾಯಕ್ಕೆ 20ರಿಂದ 30 ಗ್ರಾಂ. ಹಿಂದಿನವರು ಇದನ್ನು ಕಾಯಿಸುತ್ತಿದ್ದದ್ದು ಜ್ವರ ಬಂದಾಗ, ಕೆಲವು ದಿನಗಳ ಮಟ್ಟಿಗೆ. ಕಾಫಿಯ ಜಾಗದಲ್ಲಿ ವರ್ಷಗಟ್ಟಲೆ ಕುಡಿಯುವುದು ಹೊಸ ಅಭ್ಯಾಸ. ಅದಕ್ಕೆ ಹಿರಿಯರ ಅನುಭವದ ಬೆಂಬಲ ಇಲ್ಲ. ಇನ್ನೊಂದು, ಕುಡಿಯುವವರು ಯಾರು ಎಂಬುದು. ಈ ಬಳ್ಳಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ, ಜನ ಕುಡಿಯುವುದೂ ಅದಕ್ಕಾಗಿಯೇ. ಆದರೆ ಕೆಲವರಲ್ಲಿ ಆ ವ್ಯವಸ್ಥೆ ಆಗಲೇ ತನ್ನ ದೇಹದ ಮೇಲೆಯೇ ತಿರುಗಿಬಿದ್ದಿರುತ್ತದೆ. ರುಮಟಾಯ್ಡ್ ಸಂಧಿವಾತ, ಲೂಪಸ್, ಸೋರಿಯಾಸಿಸ್ ಈ ಜಾತಿಯವು. ದೊಡ್ಡವರಲ್ಲಿ ಕಾಣುವ ಥೈರಾಯ್ಡ್ ಕೊರತೆಯ ಬಹುಪಾಲಿಗೂ ಇದೇ ಕಾರಣ. ವರದಿಯಾದ ರೋಗಿಗಳಲ್ಲಿ ಹಲವರ ಲಿವರ್ ಕೆಟ್ಟದ್ದೂ ಇದೇ ರೀತಿಯಲ್ಲಿ. ಹಾಗಾಗಿ ನೀವು ಇವತ್ತೇ ನಿಲ್ಲಿಸಿ. ಕಿಡ್ನಿ ಕಸಿ ಮಾಡಿಸಿಕೊಂಡವರಂತೂ ಮುಟ್ಟಲೇಬಾರದು. ಮನೆಯವರಲ್ಲಿ ಯಾರಿಗಾದರೂ ಊಟ ಸೇರದಿದ್ದರೆ, ಮೈ ನವೆಯಾದರೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಲಿವರ್ ನೋಡುವ ರಕ್ತಪರೀಕ್ಷೆಯಾದ ಎಲ್‌ಎಫ್‌ಟಿ ಮಾಡಿಸಿ. ವೈದ್ಯರ ಬಳಿ ಹೋಗುವಾಗ ಬಳ್ಳಿಯ ಒಂದು ತುಂಡನ್ನೂ ಕೊಂಡೊಯ್ಯಿರಿ.

ಪ್ರ: ಅರಿಶಿನದಿಂದಲೂ ಲಿವರ್‌ಗೆ ತೊಂದರೆ ಎಂದು ಓದಿದೆ. ಹುಟ್ಟಿದಾಗಿನಿಂದ ತಿನ್ನುತ್ತಿದ್ದೇವಲ್ಲ! (ದಾವಣಗೆರೆ)

ಉ: ನೀವು ತಿನ್ನುತ್ತಿರುವುದು ಅರಿಶಿನ, ಸುದ್ದಿಯಲ್ಲಿರುವುದು ಮಾತ್ರೆ. ಲೆಕ್ಕ ಹಾಕೋಣ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರಷ್ಟು. ಒಂದು ಲೋಟ ಹಾಲಿಗೆ ಕಾಲು ಚಮಚ ಹಾಕಿದರೆ ಹೊಟ್ಟೆ ಸೇರುವುದು 25 ಮಿಲಿಗ್ರಾಂ ಆಸುಪಾಸು, ಅದರಲ್ಲೂ ರಕ್ತ ಸೇರುವುದು ತೀರಾ ಅಲ್ಪ. ಕ್ಯಾಪ್ಸೂಲ್ ಒಂದರಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಂ ಸಾರ ಇರುತ್ತದೆ, ಜೊತೆಗೆ ಕಾಳುಮೆಣಸಿನ ಸತ್ವವಾದ ಪೈಪರಿನ್. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದಾಗ ಮೈಗೆ ಹತ್ತುವ ಪ್ರಮಾಣ ಇಪ್ಪತ್ತು ಪಟ್ಟು ಏರಿತ್ತು. ಮಾತ್ರೆ ಮಾಡುವವರಿಗೆ ಈ ಉಪಾಯ ಹೊಳೆದದ್ದು ಅಲ್ಲಿಂದಲೇ. ಪ್ರಮಾಣವೂ ಇಪ್ಪತ್ತು ಪಟ್ಟು, ಹೀರಿಕೆಯೂ ಇಪ್ಪತ್ತು ಪಟ್ಟು! ಅಡುಗೆಮನೆಯ ಸಾವಿರ ವರ್ಷದ ಅನುಭವ ಇದಕ್ಕೆ ಅನ್ವಯಿಸುವುದಿಲ್ಲ.

2022ರಲ್ಲಿ ಅಮೆರಿಕದ ತಜ್ಞರು ಹೀಗೆ ಲಿವರ್ ಕೆಟ್ಟ ಹತ್ತು ಮಂದಿಯ ವಿವರ ಕೊಟ್ಟರು. ಹತ್ತರಲ್ಲಿ ಏಳು ಮಂದಿಗೆ ಒಂದೇ ಬಗೆಯ ವಂಶವಾಹಿ ಇತ್ತು. ಅಂದರೆ ಎಲ್ಲರಿಗೂ ಆಗುವುದಿಲ್ಲ, ಆಗುವವರು ಯಾರೆಂದು ಮೊದಲೇ ತಿಳಿಯುವುದೂ ಇಲ್ಲ. ಹುಳಿ, ಪಲ್ಯ, ಹಾಲಿಗೆ ಹಾಕುವ ಅರಿಶಿನವನ್ನು ಬಿಡಬೇಡಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ಅರಿಶಿನದ ಕ್ಯಾಪ್ಸೂಲಿನ ಹತ್ತಿರ ಹೋಗಬಾರದು.

ಪ್ರ: ನಮ್ಮ ಕಡೆ ಬೆಟ್ಟದಿಂದ ಉಪ್ಪಾಗೆ ತಂದು ಒಣಗಿಸಿ ಮಾರುತ್ತಾರೆ. ಅಮೆರಿಕದಲ್ಲಿರುವ ಮಗಳು ಅದೇ ಉಪ್ಪಾಗೆಯ ಕ್ಯಾಪ್ಸೂಲನ್ನು ತೂಕ ಇಳಿಸಲು ದುಡ್ಡು ಕೊಟ್ಟು ನುಂಗುತ್ತಿದ್ದಾಳೆ. ಒಳ್ಳೆಯದೇ ತಾನೆ? (ಸಿದ್ದಾಪುರ, ಉತ್ತರ ಕನ್ನಡ)

ಉ: ನಿಮ್ಮ ಕಡೆಯ ಸಾರಿಗೆ ಬೀಳುವ ಉಪ್ಪಾಗೆ, ಕೊಡಗಿನ ಪಂದಿಕರಿಗೆ ಬೀಳುವ ಕಾಚಂಪುಳಿ, ಮಗಳು ನುಂಗುವ ಗಾರ್ಸೀನಿಯಾ ಕ್ಯಾಪ್ಸೂಲ್ ಮೂರೂ ಒಂದೇ ಜಾತಿಯ ಮರದ್ದು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕರಗಿಸುತ್ತದೆ ಎಂಬ ಮಾತು ತೊಂಬತ್ತರ ದಶಕದಲ್ಲಿ ಹಬ್ಬಿತು. 1998ರಲ್ಲಿ ಅಮೆರಿಕದಲ್ಲಿ 135 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆ ಆಮ್ಲ, ಇನ್ನೊಂದಕ್ಕೆ ಬರೀ ಸಪ್ಪೆ ಮಾತ್ರೆ ಕೊಟ್ಟು 12 ವಾರ ನೋಡಿದರು. ಎರಡೂ ಗುಂಪಿನ ತೂಕ ಇಳಿದದ್ದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕ್ಯಾಪ್ಸೂಲ್ ನುಂಗಿ ಲಿವರ್ ಕೆಡಿಸಿಕೊಂಡವರ ವರದಿಗಳು ಮಾತ್ರ ಬರುತ್ತಲೇ ಇವೆ. ಮಗಳಿಗೆ ನಿಲ್ಲಿಸಲು ಹೇಳಿ. ಹಾಗೆಯೇ ಪಾರ್ಸೆಲಿನಲ್ಲಿ ಒಂದಷ್ಟು ಒಣ ಉಪ್ಪಾಗೆ ಕಳಿಸಿ, ಸಾರು ಮಾಡಿಕೊಳ್ಳಲಿ.

ಪ್ರ: ನಮ್ಮ ಮನೆಯ ಮಕ್ಕಳೆಲ್ಲ ಬಜೆ ತೇಯ್ದ ನೀರು ನೆಕ್ಕಿಯೇ ಬೆಳೆದವರು. ಈಗ ಒಂದು ತಿಂಗಳ ಮೊಮ್ಮಗನಿಗೆ ಸೊಸೆ ಕೊಡಲು ಬಿಡುವುದಿಲ್ಲ. ಡಾಕ್ಟರು ಬೇಡವೆಂದರಂತೆ. ಮಾತು ಬೇಗ ಬರಲಿ ಎಂದು ಕೊಡುವುದು, ಅದರಲ್ಲಿ ತಪ್ಪೇನು? (ಹಾವೇರಿ)

ಉ: ಕೋಪ ಮಾಡಿಕೊಳ್ಳಬೇಡಿ ಅಮ್ಮ, ನಿಮ್ಮ ಸೊಸೆಯೇ ಸರಿ.

ಬಜೆಯ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ಅಂಶವಿದೆ. ಇಲಿಗಳಿಗೆ ತಿನ್ನಿಸಿ ನೋಡಿದಾಗ ಗಡ್ಡೆಗಳಾದವು ಎಂಬ ಕಾರಣಕ್ಕೆ 1968ರಲ್ಲೇ ಅಮೆರಿಕದಲ್ಲಿ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಅಮೆರಿಕದ ಕಾಡುಬಜೆಯಲ್ಲಿ ಈ ಅಂಶ ಇಲ್ಲ, ಯುರೋಪಿನದರಲ್ಲಿ ಸ್ವಲ್ಪ ಇದೆ, ಎಲ್ಲಕ್ಕಿಂತ ಹೆಚ್ಚಿರುವುದು ನಮ್ಮ ದೇಶದ ಬಜೆಯಲ್ಲಿ. ಹರಳೆಣ್ಣೆ ದೀಪದಲ್ಲಿ ಸುಟ್ಟು ತೇಯುತ್ತೇವೆ ಎಂದು ನೀವು ಹೇಳಬಹುದು. ಸುಟ್ಟಾಗ ಎಣ್ಣೆಯ ಒಂದು ಪಾಲು ಹಾರಿಹೋಗುತ್ತದೆ, ನಿಜ. ಆದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಸಾಣೆಕಲ್ಲಿನ ಮುಂದೆ ಕುಳಿತವರಿಗೆ ತಿಳಿಯುವ ದಾರಿಯಿಲ್ಲ. ಮಾತು ಬೇಗ ಬರುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ಅದಕ್ಕಿಂತ ಹತ್ತಿರದ ಅಪಾಯ ಕಲ್ಲಿನಲ್ಲೇ ಇದೆ. ಬಜೆ, ಜಾಯಿಕಾಯಿ, ಅಳಲೆಕಾಯಿ, ಒಣಶುಂಠಿ ಎಲ್ಲವನ್ನೂ ಅದೇ ಕಲ್ಲಿನ ಮೇಲೆ ಒಂದೊಂದು ಸುತ್ತು ತೇಯ್ದು, ತುಂಡುಗಳನ್ನು ಒದ್ದೆಯಾಗಿಯೇ ಡಬ್ಬಿಗೆ ಹಾಕಿ, ನಾಳೆ ಮತ್ತೆ ತೆಗೆಯುತ್ತೇವಲ್ಲ, ಆ ತುಂಡುಗಳ ಸಂದಿಯಲ್ಲಿ ಬೂಷ್ಟು ಕೂತಿರುತ್ತದೆ. ತಿಂಗಳ ಕೂಸಿಗೆ ಭೇದಿ ಹಿಡಿಯಲು ಅಷ್ಟು ಸಾಕು. ಗಟ್ಟಿಯಾಗಿ ತೇಯ್ದದ್ದು ಗಂಟಲಿಗೆ ಅಂಟಿ ಉಸಿರುಗಟ್ಟುವುದೂ ಉಂಟು. ಇನ್ನು ಜಾಯಿಕಾಯಿ ಕೊಟ್ಟ ದಿನ ಮಗು ಚೆನ್ನಾಗಿ ಮಲಗಿತು ಎನ್ನುತ್ತಾರೆ. ಅದು ಸುಖನಿದ್ದೆ ಅಲ್ಲ, ಮಂಪರು. ಮಂಪರಿನಲ್ಲಿರುವ ಮಗು ಹಾಲಿಗೆ ಏಳುವುದಿಲ್ಲ.

ಆರು ತಿಂಗಳು ತುಂಬುವವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ. ಜೇನುತುಪ್ಪ ಒಂದು ವರ್ಷದವರೆಗೆ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ನಮಗೇನೂ ಮಾಡದು, ಆದರೆ ಎಳೆಗರುಳಿನಲ್ಲಿ ಮೊಳೆತು ಕೈಕಾಲು ಸೋಲಿಸುತ್ತದೆ. ಹುಳುವಿಗೆಂದು ಬೇವಿನೆಣ್ಣೆಯನ್ನಂತೂ ಎಂದೂ ಕುಡಿಸಬೇಡಿ. ವಾಂತಿ, ಮಂಪರು, ಫಿಟ್ಸ್ ಬಂದು ಲಿವರ್ ಕೆಟ್ಟ ಮಕ್ಕಳ ಬಗ್ಗೆ ಮಲೇಷ್ಯಾದ ವೈದ್ಯರು 1981ರಲ್ಲೇ ಬರೆದಿದ್ದಾರೆ. ಮೊಮ್ಮಗನಿಗೆ ಏನಾದರೂ ಮಾಡಲೇಬೇಕು ಎನಿಸಿದರೆ ಎಣ್ಣೆ ಹಚ್ಚಿ ಎರೆಯಿರಿ. ಮೂಗು ಕಿವಿಗೆ ಮಾತ್ರ ಎಣ್ಣೆ ಬಿಡಬೇಡಿ. ಕೈಗೆ ಬಜೆಯ ತುಂಡು ಕಟ್ಟುವುದೂ ಬೇಡ. ನಾಲ್ಕನೇ ತಿಂಗಳಿಗೆ ಕೈ ಬಾಯಿಗೆ ಹೋಗಲು ಶುರುವಾಗುತ್ತದೆ.

ಪ್ರ: ಮಂಡಿನೋವಿಗೆ ಸಂತೆಯಲ್ಲಿ ಒಬ್ಬರು ಕೊಡುವ ಬೇರಿನ ಪುಡಿಯನ್ನು ನಮ್ಮ ತಂದೆ ಎಂಟು ತಿಂಗಳಿಂದ ತಿನ್ನುತ್ತಿದ್ದಾರೆ. ಎರಡೇ ದಿನದಲ್ಲಿ ನೋವು ಮಾಯವಾಯಿತು. ಊಟವೂ ಚೆನ್ನಾಗಿ ಸೇರುತ್ತಿದೆ, ಮುಖ ತುಂಬಿಕೊಂಡಿದೆ. ಆದರೆ ಈಚೆಗೆ ಶುಗರ್ ಏರಿದೆ. ಪುಡಿ ಬಿಡಿಸಿಬಿಡಲೇ? (ಗದಗ)

ಉ: ಬಿಡಿಸಬೇಡಿ. ಸರಿಯಾಗಿಯೇ ಓದಿದ್ದೀರಿ, ಒಮ್ಮೆಗೇ ಬಿಡಿಸಬೇಡಿ. ಈ ಪುಟದಲ್ಲಿ ಬೇರೆಲ್ಲರಿಗೂ ನಿಲ್ಲಿಸಿ ಎನ್ನುತ್ತಿದ್ದೇವೆ, ನಿಮಗೆ ಮಾತ್ರ ತಡೆಯಿರಿ ಎನ್ನುತ್ತಿದ್ದೇವೆ.

ನೀವು ಬರೆದ ಮೂರು ಸಾಲಿನಲ್ಲೇ ಉತ್ತರ ಇದೆ. ಸವೆದ ಮಂಡಿಯ ನೋವನ್ನು ಎರಡು ದಿನದಲ್ಲಿ ಮಾಯ ಮಾಡುವ ಬೇರು ಯಾವ ಕಾಡಿನಲ್ಲೂ ಬೆಳೆಯುವುದಿಲ್ಲ. ಮುಖ ಗುಂಡಗಾಗುವುದು, ಹಸಿವು ಹೆಚ್ಚುವುದು, ಶುಗರ್ ಏರುವುದು ಮೂರೂ ಒಟ್ಟಿಗೆ ಬಂದರೆ ಪುಡಿಯಲ್ಲಿ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿರುವ ಸಂಭವವೇ ಹೆಚ್ಚು. ಅಲ್ಲಿಗೆ ಅದು ಗಿಡಮೂಲಿಕೆಯ ಅಡ್ಡಪರಿಣಾಮ ಅಲ್ಲವೇ ಅಲ್ಲ, ಗಿಡಮೂಲಿಕೆಯ ಹೆಸರಿನಲ್ಲಿ ಇಂಗ್ಲಿಷ್ ಔಷಧಿ. ಮುಂಗೈಯಲ್ಲಿ ಸಣ್ಣ ಪೆಟ್ಟಿಗೂ ಕಪ್ಪುಗಟ್ಟುತ್ತಿದೆಯೇ, ತೋಳು ತೊಡೆ ಸಣ್ಣಗಾಗಿ ಹೊಟ್ಟೆ ಮುಂದೆ ಬಂದಿದೆಯೇ, ಕುಕ್ಕುರುಗಾಲಿನಿಂದ ಏಳಲು ಕಷ್ಟವಾಗುತ್ತಿದೆಯೇ ನೋಡಿ.

ಕಿಡ್ನಿಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳು ದಿನವೂ ನಮಗೆ ಬೇಕಾದಷ್ಟು ಸ್ಟೀರಾಯ್ಡ್ ತಾವೇ ತಯಾರಿಸುತ್ತವೆ. ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ ಅವು ಕೆಲಸ ನಿಲ್ಲಿಸಿ ಮಲಗುತ್ತವೆ. ಪುಡಿಯನ್ನು ಒಮ್ಮೆಗೇ ಬಿಡಿಸಿದಿರೋ, ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ವಾಂತಿ, ತೀವ್ರ ನಿಶ್ಶಕ್ತಿ, ಬಿಪಿ ಕುಸಿತ ಆಗಿ ಜೀವಕ್ಕೇ ಸಂಚಕಾರ. ಹಾಗಾಗಿ ಪುಡಿಯ ಪೊಟ್ಟಣವನ್ನು ಇದ್ದ ಹಾಗೆಯೇ ತೆಗೆದುಕೊಂಡು ಈ ವಾರವೇ ಫಿಸಿಶಿಯನ್ ಹತ್ತಿರ ಹೋಗಿ. ಬೆಳಗ್ಗೆ ಎಂಟರ ಸುಮಾರಿಗೆ ರಕ್ತ ತೆಗೆದು ಕಾರ್ಟಿಸೋಲ್ (ಅಡ್ರಿನಲ್ ತಾನೇ ತಯಾರಿಸುವ ಸ್ಟೀರಾಯ್ಡ್) ನೋಡುತ್ತಾರೆ. ಆಮೇಲೆ ಅಳತೆಯ ಸ್ಟೀರಾಯ್ಡ್ ಮಾತ್ರೆ ಕೊಟ್ಟು ವಾರಗಳ ಲೆಕ್ಕದಲ್ಲಿ ಇಳಿಸುತ್ತಾ ಬರುತ್ತಾರೆ. ಈ ನಡುವೆ ಜ್ವರವೋ ವಾಂತಿಯೋ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಎಂಟು ತಿಂಗಳು ಇಂಥ ಪುಡಿ ತಿಂದಿದ್ದಾರೆ ಎಂಬುದನ್ನು ಮೊದಲ ಮಾತಿಗೇ ಹೇಳಿ.

ಮುಂದೆ ಯಾವುದೇ ಆಯುರ್ವೇದ ಔಷಧಿ ಕೊಳ್ಳುವಾಗ ಲೇಬಲ್ ತಿರುಗಿಸಿ. ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಾದ ದಿನಾಂಕ, ಯಾವ ಯಾವ ಮೂಲಿಕೆ ಎಷ್ಟೆಷ್ಟು ಎಂಬ ಪಟ್ಟಿ ಇರಲೇಬೇಕು, ಇದು ಕಾನೂನು. ಲೇಬಲ್ ಇದ್ದ ಮಾತ್ರಕ್ಕೆ ಔಷಧಿ ಒಳ್ಳೆಯದೆಂದಲ್ಲ. ಇಲ್ಲದಿದ್ದರೆ ಮಾತ್ರ ಮುಂದಿನ ಪ್ರಶ್ನೆಯೇ ಬೇಡ. "ಗುಟ್ಟು, ಗುರುಗಳು ಹೇಳಿಕೊಟ್ಟದ್ದು, ಯಾವ ಬೇರು ಅಂತ ಹೇಳಬಾರದು" ಎಂದರೆ ಅಲ್ಲಿಂದ ಎದ್ದು ಬನ್ನಿ.

ಪ್ರ: ಕುಂಡದಲ್ಲಿ ಇನ್ಸುಲಿನ್ ಗಿಡ ಇದೆ. ದಿನಕ್ಕೆರಡು ಎಲೆ, ಜೊತೆಗೆ ಮಧುನಾಶಿನಿ, ಹಾಗಲಕಾಯಿ ರಸ. ಡಾಕ್ಟರ ಮಾತ್ರೆ ಬಿಡಬಹುದೇ? (ಮೈಸೂರು)

ಉ: ಆ ಗಿಡದ ಎಲೆಯನ್ನು ಸಕ್ಕರೆ ಕಾಯಿಲೆಗೆ ತಿನ್ನುತ್ತಾರೆ, ಹಾಗಾಗಿ ಆ ಹೆಸರು. ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಹೊಟ್ಟೆಗೆ ಹೋದ ಇನ್ಸುಲಿನ್ ಬೇಳೆಯಂತೆ ಜೀರ್ಣವಾಗಿಬಿಡುತ್ತದೆ. ಚುಚ್ಚಿಕೊಳ್ಳುವುದು ಅದಕ್ಕಾಗಿಯೇ.

ಮಧುನಾಶಿನಿಯ ಎಲೆಯನ್ನು ಅಗಿದು ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿ ನೋಡಿ. ಮರಳು ತಿಂದ ಹಾಗಿರುತ್ತದೆ. ಅದನ್ನು ಕಂಡು "ಸಕ್ಕರೆಯನ್ನೇ ಕೊಂದಿತು" ಎನ್ನುತ್ತಾರೆ. ಕೊಂದದ್ದು ನಾಲಿಗೆಯ ಮೇಲಿನ ಸಿಹಿಯ ರುಚಿಯನ್ನು, ಅದೂ ಸ್ವಲ್ಪ ಹೊತ್ತು. ಸಕ್ಕರೆ ತನ್ನ ಪಾಡಿಗೆ ರಕ್ತಕ್ಕೆ ಸೇರುತ್ತದೆ. ಇವುಗಳಿಂದ ರಕ್ತದ ಸಕ್ಕರೆ ಅಷ್ಟಿಷ್ಟು ಇಳಿಯಬಹುದು, ಮಾತ್ರೆಯ ಜಾಗ ತುಂಬುವಷ್ಟಲ್ಲ. ತೊಂದರೆ ಆಗುವುದು ಮಾತ್ರೆಯ ಮೇಲೆ ಇದನ್ನೂ ಸೇರಿಸಿದಾಗ. ಅದರಲ್ಲೂ ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿ, ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ ಕುಡಿದು, ತಿಂಡಿ ತಡವಾದರೆ ಶುಗರ್ ಕುಸಿಯುತ್ತದೆ. ಕೈ ನಡುಗಿ ಬೆವರಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಮಧುನಾಶಿನಿ ಅಗಿದವರಿಗೆ ಆ ನೀರು ಸಪ್ಪೆ ಎನಿಸೀತು. ಆದರೂ ಕುಡಿಯಬೇಕು, ಕೆಲಸ ಮಾಡುತ್ತದೆ.

ಮಾತ್ರೆ ಬಿಡಬಹುದೇ ಎಂಬುದನ್ನು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ, ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ನೋಡಿ ವೈದ್ಯರು ಹೇಳಬೇಕು. ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ) ಇರುವ ಮಕ್ಕಳಿಗೆ ಎಲೆ ನಂಬಿ ಇನ್ಸುಲಿನ್ ತಪ್ಪಿಸಿದರೆ ಕೆಲವೇ ದಿನಗಳಲ್ಲಿ ಐಸಿಯು ಸೇರುತ್ತಾರೆ.

ಪ್ರ: ಸೋರೆಕಾಯಿ ರಸ ಕಹಿಯಾಗಿದ್ದಷ್ಟೂ ಔಷಧೀಯ ಗುಣ ಹೆಚ್ಚಂತೆ, ಹೌದೇ? (ಬೆಂಗಳೂರು)

ಉ: ಪ್ರಾಣ ತೆಗೆಯುವ ನಂಬಿಕೆ ಇದು. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಯ ರಸ ಕುಡಿದು ತೀರಿಕೊಂಡ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿಯನ್ನೇ ಮಾಡಿತು. ಸಮಿತಿ ಹೇಳಿದ್ದು ಸರಳ: ರಸ ತೆಗೆಯುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಹಾಗಲಕಾಯಿ ರಸ ಬೆರೆಸಿದರೆ ಯಾವ ಕಹಿ ಯಾವುದರದ್ದು ಎಂದು ತಿಳಿಯುವುದೇ ಇಲ್ಲ. ಕಹಿಯನ್ನು ನಿಂಬೆ, ಜೇನಿನಿಂದ ಮುಚ್ಚಿದರೆ ವಿಷ ಹೋಗುವುದಿಲ್ಲ. ಕುಡಿದ ಮೇಲೆ ವಾಂತಿ, ಭೇದಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ರಕ್ತವಾಂತಿ ಮತ್ತು ಬಿಪಿ ಕುಸಿತ ಬೆನ್ನಿಗೇ ಬರಬಹುದು. ಇದಕ್ಕೆ ಪ್ರತಿವಿಷವೂ ಇಲ್ಲ.

ಪ್ರ: ಈಶ್ವರ ಬಳ್ಳಿಯ ಬೇರು ಹಾವಿನ ವಿಷಕ್ಕೆ ಮದ್ದು ಎಂದು ಅಜ್ಜನ ಕಾಲದಿಂದ ಅಂಗಳದಲ್ಲಿ ಬೆಳೆಸಿದ್ದೇವೆ. ತೆಗೆದುಕೊಂಡವರು ಬದುಕಿದ್ದಾರೆ ಕೂಡ. (ಸುಳ್ಯ)

ಉ: ಬದುಕಿದ್ದು ನಿಜವಿರಬಹುದು. ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ಕಚ್ಚುತ್ತದೆಯೇ ಹೊರತು ವಿಷ ಇಳಿಸುವುದಿಲ್ಲ. ಅಂಥವರಿಗೆ ಯಾವ ಬೇರು ಕೊಟ್ಟರೂ ಬದುಕುತ್ತಾರೆ, ಕೊಡದಿದ್ದರೂ ಬದುಕುತ್ತಾರೆ. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷ ಏರಿದವರಿಗೆ ಆಸ್ಪತ್ರೆಯ ಪ್ರತಿವಿಷ ಒಂದೇ ದಾರಿ. ಕಚ್ಚಿದ ಕೈಕಾಲನ್ನು ಮೂಳೆ ಮುರಿದಾಗ ಕಟ್ಟುವಂತೆ ಪಟ್ಟಿ ಕಟ್ಟಿ ಅಲುಗದಂತೆ ಮಾಡಿ, ಉಂಗುರ ಬಳೆ ತೆಗೆದು, ನಡೆಸದೆ ಕರೆದೊಯ್ಯಿರಿ. ಬಿಗಿಯಾಗಿ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ.

ಬೇರು ಬರೀ ನಿಷ್ಪ್ರಯೋಜಕ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಈಶ್ವರ ಬಳ್ಳಿ ಅರಿಸ್ಟೊಲೋಕಿಯ ಕುಲದ್ದು, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಕ್ಲಿನಿಕ್ ಒಂದಕ್ಕೆ ಹೋದ ನೂರಕ್ಕೂ ಹೆಚ್ಚು ಮಂದಿಯ ಕಿಡ್ನಿ ಹಾಳಾಯಿತು. ಚೀನಾದಿಂದ ತರಿಸಿದ ಒಂದು ಬೇರಿನ ಬದಲು ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ಬೇರು ಬಂದಿತ್ತು, ಅದು ಈ ಕುಲದ್ದು. ಕಿಡ್ನಿ ತೆಗೆಸಿಕೊಳ್ಳಲು ಒಪ್ಪಿದ 39 ಮಂದಿಯಲ್ಲಿ 18 ಮಂದಿಗೆ ಮೂತ್ರನಾಳದ ಕ್ಯಾನ್ಸರ್ ಆಗಿರುವುದು ಆಮೇಲೆ ಗೊತ್ತಾಯಿತು. ಒಂದೇ ಹೆಸರಿಗೆ ಎರಡು ಗಿಡ ಇರುವುದು ಚೀನಾದಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಾವು ಒಂದೆಲಗವನ್ನು ಬ್ರಾಹ್ಮಿ ಎನ್ನುತ್ತೇವೆ, ಇನ್ನು ಕೆಲವು ಕಡೆ ಬ್ರಾಹ್ಮಿ ಎನ್ನುವುದು ಬೇರೆಯದೇ ಗಿಡಕ್ಕೆ.

ಬಳ್ಳಿ ಅಂಗಳದಲ್ಲಿರಲಿ, ಚಿಟ್ಟೆಗಳು ಅದರಲ್ಲಿ ಮೊಟ್ಟೆ ಇಡುತ್ತವೆ. ನಿಮ್ಮ ಹೊಟ್ಟೆಗೆ ಬೇಡ.

ಪ್ರ: ಊರಿನಿಂದ ತರಿಸಿದ ಭಸ್ಮದ ಮಾತ್ರೆ ತಿನ್ನುವ ಗೆಳೆಯನ ರಕ್ತದಲ್ಲಿ ಸೀಸ ಸಿಕ್ಕಿದೆ. ಆಯುರ್ವೇದದಲ್ಲಿ ಸೀಸ ಎಲ್ಲಿಂದ? (ದುಬೈ)

ಉ: ಎರಡು ದಾರಿಯಿಂದ. ರಸೌಷಧಿಗಳಲ್ಲಿ ಪಾದರಸ, ಸೀಸ, ತಾಮ್ರಗಳನ್ನು ಶೋಧಿಸಿ, ಪುಟ ಕೊಟ್ಟು (ಸುಟ್ಟು ಬೂದಿ ಮಾಡಿ) ಬೇಕೆಂದೇ ಸೇರಿಸುತ್ತಾರೆ. ಬರೀ ಮೂಲಿಕೆಯ ಔಷಧಿಯಲ್ಲಿ ಮಣ್ಣಿನಿಂದಲೋ ಯಂತ್ರದಿಂದಲೋ ಬೆರೆತಿರುತ್ತದೆ. ಇಂಟರ್‌ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ತರಿಸಿ ನೋಡಿ 2008ರಲ್ಲಿ ಪ್ರಕಟಿಸಿದಾಗ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ರಸೌಷಧಿಗಳಲ್ಲಿ ಆ ಪಾಲು ಇನ್ನೂ ಹೆಚ್ಚು. ಮೂಲಿಕೆ ಔಷಧಿಗೆ ನಮ್ಮಲ್ಲಿರುವ ಮಿತಿ ಹತ್ತು ಲಕ್ಷ ಭಾಗದಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಬಿಡದೆ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಇದ್ದರೆ ಸೀಸದ ಗುರುತು. ಗೆಳೆಯರು ಮಾತ್ರೆಯನ್ನು ಕೂಡಲೇ ನಿಲ್ಲಿಸಲಿ. ಅದೇ ಡಬ್ಬಿಯಿಂದ ಮನೆಯಲ್ಲಿ ಬೇರೆ ಯಾರು ತಿಂದಿದ್ದರೂ, ಮುಖ್ಯವಾಗಿ ಗರ್ಭಿಣಿ ಮತ್ತು ಮಕ್ಕಳು, ಅವರ ರಕ್ತವನ್ನೂ ಪರೀಕ್ಷಿಸಿ.

ಚುಟುಕಾಗಿ ಕೆಲವು

ಜ್ಯೇಷ್ಠಮಧು ಚೀಪಿದರೆ ಬಿಪಿ ಏರುತ್ತದೆಯೇ ಎಂದು ಕೇಳಿದ ತುಮಕೂರಿನವರಿಗೆ: ಏರುತ್ತದೆ. ಉಪ್ಪು ಹಿಡಿದಿಟ್ಟು ಪೊಟ್ಯಾಶಿಯಂ ಹೊರಹಾಕುತ್ತದೆ. ಗಂಟಲು ಕೆರೆತಕ್ಕೆ ಎರಡು ದಿನ ಸರಿ, ಬಿಪಿ ಮಾತ್ರೆ ಅಥವಾ ಮೂತ್ರದ ಮಾತ್ರೆ ನುಂಗುವವರಿಗೆ ಅದೂ ಬೇಡ.

ಲೋಳೆಸರದ ರಸ ಕುಡಿದು ಭೇದಿಯಾದ ವಿಜಯಪುರದವರಿಗೆ: ಕೊಯ್ದ ಕೂಡಲೇ ಬುಡದಿಂದ ಇಳಿಯುವ ಹಳದಿ ರಸ ಜುಲಾಬು. ಎಲೆಯನ್ನು ಹತ್ತು ಹದಿನೈದು ನಿಮಿಷ ನೆಟ್ಟಗೆ ನಿಲ್ಲಿಸಿ ಅದನ್ನು ಹರಿಯಬಿಟ್ಟು, ಸಿಪ್ಪೆಯ ಅಂಚನ್ನೂ ದಪ್ಪವಾಗಿ ತೆಗೆದು, ಒಳಗಿನ ಲೋಳೆಯನ್ನು ತೊಳೆಯಬೇಕು. ಗರ್ಭಿಣಿಯರಿಗೆ ಹೀಗೆ ಮಾಡಿದ್ದೂ ಬೇಡ.

ಅಶ್ವಗಂಧದ ಎಲೆ ತಿನ್ನಬಹುದೇ ಎಂದವರಿಗೆ: ಬೇಡ. ಬೇರನ್ನು ಮಾತ್ರ ಬಳಸಿ ಎಂದು ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಹೇಳಿದೆ. ಬೇರನ್ನೂ ಗರ್ಭಿಣಿಯರು, ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ತಿನ್ನಬಾರದು.

ಆಪರೇಷನ್ ದಿನ ಗೊತ್ತಾದ ಶಿವಮೊಗ್ಗದವರಿಗೆ: ಬೆಳ್ಳುಳ್ಳಿ, ಅರಿಶಿನ, ಗಿಂಕ್ಗೊ, ಅಶ್ವಗಂಧದ ಕ್ಯಾಪ್ಸೂಲುಗಳನ್ನು ಎರಡು ವಾರ ಮೊದಲೇ ನಿಲ್ಲಿಸಿ. ಒಗ್ಗರಣೆಯ ಬೆಳ್ಳುಳ್ಳಿ ಲೆಕ್ಕಕ್ಕಿಲ್ಲ. ಅರಿವಳಿಕೆ ತಜ್ಞರು "ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ" ಎಂದು ಕೇಳಿದಾಗ ಕಷಾಯ, ಲೇಹ್ಯ ಕೂಡ ಔಷಧಿಯೇ, ಹೇಳಿಬಿಡಿ.

ಪ್ರ: ಕೊಲೆಸ್ಟ್ರಾಲ್‌ಗೆ ಬಿಂಬುಳಿ ರಸ ಒಳ್ಳೆಯದೆಂದು ವಾಟ್ಸ್ಆಪ್‌ನಲ್ಲಿ ಬಂದಿದೆ. ಹಿತ್ತಲಲ್ಲಿ ಮರ ತುಂಬ ಕಾಯಿ. (ಕುಂದಾಪುರ)

ಉ: ಈ ಸಲಹೆ ನಂಬಿ ರಸ ಕುಡಿದ ಹತ್ತು ಮಂದಿಯ ಕಿಡ್ನಿ ಏಕಾಏಕಿ ಕೆಲಸ ನಿಲ್ಲಿಸಿದ್ದನ್ನು ಕೇರಳದ ವೈದ್ಯರು 2013ರಲ್ಲಿ ದಾಖಲಿಸಿದ್ದಾರೆ. ಹೆಚ್ಚಿನವರಿಗೆ ಡಯಾಲಿಸಿಸ್ ಬೇಕಾಯಿತು. ಬಿಂಬುಳಿಯಲ್ಲಿ ಆಕ್ಸಲೇಟ್ ಬಹಳ, ಲೋಟಗಟ್ಟಲೆ ಹಿಂಡಿ ಖಾಲಿ ಹೊಟ್ಟೆಗೆ ಕುಡಿದರೆ ಅದು ಹರಳುಗಟ್ಟಿ ಕಿಡ್ನಿಯ ಕೊಳವೆಗಳನ್ನು ಕಟ್ಟುತ್ತದೆ. ಬೇಸಿಗೆಯಲ್ಲಿ, ಮೈಯಲ್ಲಿ ನೀರು ಕಡಿಮೆ ಇದ್ದಾಗ ಇನ್ನೂ ಬೇಗ. ಈಗಾಗಲೇ ಕುಡಿದಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಅಥವಾ ಪಕ್ಕೆ ನೋಯುತ್ತಿದ್ದರೆ ಇವತ್ತೇ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೀನಿನ ಸಾರಿಗೆ ಹುಳಿಯಾಗಿ ಎರಡು ಕಾಯಿ ಹಾಕುವುದಕ್ಕೆ ಕಿಡ್ನಿ ನೆಟ್ಟಗಿರುವವರು ಹೆದರಬೇಕಿಲ್ಲ. ಉಳಿದದ್ದನ್ನು ಉಪ್ಪಿನಕಾಯಿ ಹಾಕಿ ಹಂಚಿ.

ಯಾವುದೇ ಔಷಧಿಯಿಂದ, ಆಯುರ್ವೇದದ್ದೇ ಇರಲಿ ಇಂಗ್ಲಿಷ್ ಇರಲಿ, ತೊಂದರೆಯಾದರೆ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಸರ್ಕಾರದ ಸಹಾಯವಾಣಿ ಅದು. ಡಬ್ಬಿಯನ್ನು ಮಾತ್ರ ಎಸೆಯಬೇಡಿ, ಬ್ಯಾಚ್ ನಂಬರು ಕೇಳುತ್ತಾರೆ.